ಬೆಟ್ಟದಲ್ಲಿ ಬಚ್ಚಿಡುವ ಮುನ್ನ

ಹಾಸನ ಸೀಮೆಯ ಯಾವುದೋ ಗುಡ್ಡ. ಬಂಡೆ ಸಂದಿಯಲ್ಲಿ ಹಸಿರು ಬಣ್ಣದ ಡಬ್ಬಿಯೊಂದು ಕುರಿ ಮೇಯಿಸುವವನ ಕಣ್ಣಿಗೆ ಬೀಳುತ್ತದೆ. ಮುಚ್ಚಳ ಬಿಗಿಯಾಗಿದೆ, ಕಾಣದಿರಲೆಂದು ಮೇಲೆ ಎರಡು ಕಲ್ಲು ಹೇರಿದ್ದಾರೆ. ಅವನ ತಲೆಗೆ ಮೊದಲು ಬರುವುದು ನಿಧಿ. ಆಮೇಲೆ ಮಾಟ. ಪೇಟೆಯಲ್ಲಿ ನಾಲ್ಕು ದಿನ ಇದ್ದು ಬಂದವನಾದರೆ ಬಾಂಬು. ಇದೊಂದು ಆಟ, ಒಳಗಿರುವುದು ಪುಟ್ಟದೊಂದು ನೋಟ್‌ಬುಕ್ಕು, ಪೆನ್ಸಿಲ್ಲು, ಎರಡು ಗೋಲಿ ಎಂಬುದು ಅವನಿಗೆ ಹೊಳೆಯುವುದಿಲ್ಲ. ಹೊಳೆಯಬೇಕು ಅಂತ ನಾವು ಬಯಸುವುದೂ ನ್ಯಾಯವಲ್ಲ.

ಆಟದ ಹೆಸರು ಜಿಯೋಕ್ಯಾಚಿಂಗ್. ಒಬ್ಬರು ಡಬ್ಬಿ ಬಚ್ಚಿಟ್ಟು ಅದಿರುವ ಜಾಗದ ಅಕ್ಷಾಂಶ, ರೇಖಾಂಶವನ್ನು ಅಂತರ್ಜಾಲದಲ್ಲಿ ಹಾಕುತ್ತಾರೆ. ಇನ್ನೊಬ್ಬರು ಮೊಬೈಲಿನ ಜಿಪಿಎಸ್ ನೋಡಿಕೊಂಡು ಹುಡುಕಿ ಹೋಗಿ, ಒಳಗಿನ ಪುಸ್ತಕದಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದ ಹಾಗೇ ಇಟ್ಟು ಬರುತ್ತಾರೆ. ಒಳಗಿರುವ ಚಿಲ್ಲರೆ ಸಾಮಾನು ಇಷ್ಟವಾದರೆ ತೆಗೆದುಕೊಳ್ಳಬಹುದು, ಬದಲಿಗೆ ಅಷ್ಟೇ ಬೆಲೆಯದ್ದೊಂದು ಹಾಕಬೇಕು. ದೊಡ್ಡವರ ಕಣ್ಣಾಮುಚ್ಚಾಲೆ ಎನ್ನಿ. ಜಗತ್ತಿನಲ್ಲಿ ಇಂಥ ತಾಣಗಳು ಈಗ 30 ಲಕ್ಷಕ್ಕೂ ಮಿಕ್ಕಿವೆ. ನಮ್ಮಲ್ಲಿ ಇನ್ನೂ ವಿರಳ. ಆದರೆ ವಾರಾಂತ್ಯಕ್ಕೆ ಬೆಂಗಳೂರಿನಿಂದ ಹೊರಟು ಸಕಲೇಶಪುರದ ಕಡೆ ನುಗ್ಗುವ ಕಾರುಗಳ ಸಾಲು ನೋಡಿದರೆ, ಹಾಸನದ ಬೆಟ್ಟಗಳಿಗೆ ಈ ಆಟ ಗಟ್ಟಿಯಾಗಿ ಕಾಲಿಡುವುದು ದೂರವಿಲ್ಲ ಅನ್ನಿಸುತ್ತದೆ. ಬರಲಿ, ಬೇಡವೆನ್ನಲು ಕಾರಣವಿಲ್ಲ. ಹೇಗೆ ಬಂದರೆ ಬೆಟ್ಟಕ್ಕೂ ಬೆಟ್ಟದ ಕೆಳಗಿನ ಊರಿಗೂ ತೊಂದರೆಯಿಲ್ಲ ಎನ್ನುವುದನ್ನು ಮಾತ್ರ ಈಗಲೇ ಯೋಚಿಸಿಟ್ಟುಕೊಳ್ಳಬೇಕು.

2000ನೇ ಇಸವಿಯ ಮೇ ತಿಂಗಳಿಗೆ ಮೊದಲು ಈ ಆಟ ಆಡಲು ಆಗುತ್ತಲೇ ಇರಲಿಲ್ಲ. ಜಿಪಿಎಸ್ ಅಮೆರಿಕದ ಸೇನೆ ಕಟ್ಟಿದ ವ್ಯವಸ್ಥೆ. ಸಾರ್ವಜನಿಕರಿಗೆ ಸಿಗುವ ಸಂಕೇತದಲ್ಲಿ ಅವರು ಬೇಕೆಂದೇ ದೋಷ ಬೆರೆಸುತ್ತಿದ್ದರು. ನಿಂತ ಜಾಗವನ್ನು ಉಪಕರಣ ನೂರು ಮೀಟರಿನಷ್ಟು ಆಚೆ ತೋರಿಸಿದರೂ ಆಶ್ಚರ್ಯವಿರಲಿಲ್ಲ. ಅಧ್ಯಕ್ಷ ಬಿಲ್ ಕ್ಲಿಂಟನ್ ಆಜ್ಞೆಯಂತೆ ಮೇ 2ರಂದು ಆ ಕಲಬೆರಕೆ ನಿಂತಿತು. ಮರುದಿನವೇ ಆರೆಗನ್ ರಾಜ್ಯದ ಬೀವರ್‌ಕ್ರೀಕ್ ಬಳಿ ಡೇವ್ ಉಲ್ಮರ್ ಎಂಬಾತ ಒಂದು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಪುಸ್ತಕ, ಕವಣೆ, ಬೀನ್ಸ್ ತುಂಬಿದ ತಗಡಿನ ಡಬ್ಬ ಇತ್ಯಾದಿ ಹಾಕಿ, ಅರ್ಧ ನೆಲದಲ್ಲಿ ಹೂತು, ಜಾಗದ ಅಂಕಿಗಳನ್ನು ಪ್ರಕಟಿಸಿದ. ಮೂರೇ ದಿನದಲ್ಲಿ ಮೈಕ್ ಟೀಗ್ ಎಂಬ ಇನ್ನೊಬ್ಬ ಅದನ್ನು ಹುಡುಕಿದ. ತಮಾಷೆಯೆಂದರೆ, ಇಂದಿನ ನಿಯಮಗಳ ಪ್ರಕಾರ ಆ ಮೊಟ್ಟಮೊದಲ ಬಕೆಟ್ಟಿಗೆ ಒಪ್ಪಿಗೆಯೇ ಸಿಗುತ್ತಿರಲಿಲ್ಲ. ನೆಲ ಅಗೆದು ಹೂಳುವ ಹಾಗಿಲ್ಲ, ತಿನ್ನುವ ಪದಾರ್ಥ ಇಡುವ ಹಾಗಿಲ್ಲ. ತಿಂಡಿಯ ವಾಸನೆಗೆ ಅಲ್ಲಿ ಕರಡಿ ಬರುತ್ತದೆ. ನಮ್ಮಲ್ಲಿ ಕರಡಿಗಿಂತ ಮೊದಲು ಕೋತಿ ಬರುತ್ತದೆ.

ಉಪಗ್ರಹದಿಂದ ಜಾಗ ತಿಳಿಯುವ ವಿದ್ಯೆ ಹಾಸನಕ್ಕೆ ಹೊರಗಿನದಲ್ಲ. ಸಾಲಗಾಮೆ ರಸ್ತೆಯಲ್ಲಿ ದೊಡ್ಡ ದೊಡ್ಡ ಬಿಳಿ ಆಂಟೆನಾಗಳು ಆಕಾಶಕ್ಕೆ ಮುಖಮಾಡಿರುವ ಆವರಣ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ, ಊರಿನವರ ಬಾಯಲ್ಲಿ ಬರೀ ಎಂಸಿಎಫ್. 1982ರಿಂದ ಇನ್ಸಾಟ್ ಉಪಗ್ರಹಗಳ ಕಡಿವಾಣ ಇರುವುದು ಇಲ್ಲಿ. ಭಾರತದ್ದೇ ಆದ ನಾವಿಕ್ ವ್ಯವಸ್ಥೆಯ ಮೊದಲ ಉಪಗ್ರಹ 2013ರ ಜುಲೈ 1ರಂದು ಮೇಲೇರಿದ ಮೇಲೆ ಆ ಸಾಲಿನ ಉಪಗ್ರಹಗಳ ಯೋಗಕ್ಷೇಮವೂ ಹಾಸನದ ಪಾಲಿಗೆ ಬಂತು. ಅಮೆರಿಕದ ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ, ನಾವಿಕ್‌ನವು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ. ಪ್ರತಿಯೊಂದರಲ್ಲೂ ಪರಮಾಣು ಗಡಿಯಾರ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಎಷ್ಟೆಷ್ಟು ತಡವಾಗಿ ತಲುಪಿತು ಎಂದು ಲೆಕ್ಕಹಾಕಿ ಮೊಬೈಲು ತಾನಿರುವ ಜಾಗ ಹೇಳುತ್ತದೆ. ನ್ಯಾನೋಸೆಕೆಂಡಿನ ತಪ್ಪಾದರೆ ಒಂದು ಅಡಿ ತಪ್ಪಿತು ಅಂತ ಲೆಕ್ಕ.

ಒಂದೂವರೆ ಗುಂಟೆ ತುಳಿತ

ಇಷ್ಟೆಲ್ಲ ಇದ್ದೂ, ಬಯಲಿನಲ್ಲಿ ನಿಂತ ಮಾಮೂಲಿ ಮೊಬೈಲು ಸುಮಾರು 5 ಮೀಟರು ಆಚೀಚೆ ಮಾಡುತ್ತದೆ. ಮರದಡಿ, ಬಂಡೆಯ ಮಗ್ಗುಲಲ್ಲಿ ಇನ್ನೂ ಹೆಚ್ಚು; ಸಂಕೇತ ಬಂಡೆಗೆ ಬಡಿದು ತಿರುಗಿ ಬರುವುದರಿಂದ ಲೆಕ್ಕ ತಪ್ಪುತ್ತದೆ. ಈ ಐದು ಮೀಟರನ್ನು ಯಾರೂ ದೊಡ್ಡದು ಮಾಡುವುದಿಲ್ಲ, ಆದರೆ ಬೆಟ್ಟಕ್ಕೆ ಆಗುವ ಹಾನಿಯೆಲ್ಲ ಅಡಗಿರುವುದು ಅಲ್ಲೇ. ಇಟ್ಟವನ ಮೊಬೈಲಿನದು ಐದು ಮೀಟರು, ಹುಡುಕುವವನದು ಇನ್ನೈದು. ಎರಡೂ ಸೇರಿ ಸರಾಸರಿ ಏಳು ಮೀಟರು ತಪ್ಪುತ್ತದೆ ಎಂದು ಹಿಡಿಯಿರಿ. ಏಳು ಮೀಟರು ತ್ರಿಜ್ಯದ ವೃತ್ತವೆಂದರೆ ಸುಮಾರು 154 ಚದರ ಮೀಟರು, ನಮ್ಮ ಲೆಕ್ಕದಲ್ಲಿ ಒಂದೂವರೆ ಗುಂಟೆ. ಒಂದು ಡಬ್ಬಿಗಾಗಿ ಒಂದೂವರೆ ಗುಂಟೆ ನೆಲದ ಪ್ರತಿ ಕಲ್ಲನ್ನು ಮಗುಚಿ, ಪ್ರತಿ ಪೊದೆಯನ್ನು ಸರಿಸಿ ನೋಡುತ್ತಾರೆ. ಒಬ್ಬರಲ್ಲ, ಬಂದವರೆಲ್ಲ. ನಾಲ್ಕು ತಿಂಗಳಿಗೆ ಅಲ್ಲಿಗೊಂದು ಹೊಸ ಕಾಲುಹಾದಿ ಬೀಳುತ್ತದೆ. ಮಳೆಗಾಲದಲ್ಲಿ ನೀರು ಅದೇ ಹಾದಿ ಹಿಡಿದು ಇಳಿಯುತ್ತದೆ, ಮುಂದಿನ ವರ್ಷ ಅದು ಕೊರಕಲು.

ಬರಿಗಲ್ಲು ಎಂದು ಕಾಣುವ ನಮ್ಮ ಬಂಡೆಗಳ ಮೇಲೆ ಏನೂ ಇಲ್ಲವೆಂದು ತಿಳಿಯಬಾರದು. ಬಂಡೆಯ ತಗ್ಗುಗಳಲ್ಲಿ ಬೆರಳು ದಪ್ಪದಷ್ಟು ಮಣ್ಣು ನಿಂತಿರುತ್ತದೆ. ಮಳೆ ಬಿದ್ದ ಮೇಲೆ ಅಲ್ಲಿ ಕೀಟ ಹಿಡಿದು ತಿನ್ನುವ ಡ್ರಾಸೆರಾ, ಯುಟ್ರಿಕ್ಯುಲೇರಿಯಾದಂಥ ಪುಟಾಣಿ ಗಿಡಗಳು ಹೂಬಿಡುತ್ತವೆ. ಆ ಮಣ್ಣು ಕೂಡಲು ಎಷ್ಟೋ ಮಳೆಗಾಲ ಬೇಕು, ಬೂಟುಗಾಲಿಗೆ ಸರಿಯಲು ಒಂದು ಗಳಿಗೆ ಸಾಕು. ಮಗುಚಿದ ಕಲ್ಲಿನಡಿ ಚೇಳಿರುತ್ತದೆ, ಗರಗಸ ಮಂಡಲ ಇರುತ್ತದೆ. ಸಂದಿಗೆ ಕೈ ಹಾಕಿ ತಡಕಾಡುವುದನ್ನೇ ಕಲಿಸುವ ಆಟ ಚನ್ನರಾಯಪಟ್ಟಣ, ಹೊಳೆನರಸೀಪುರದ ಬಿಸಿಲುಬಂಡೆಗಳಿಗೆ ಸರಿಹೊಂದುವುದಿಲ್ಲ. ಹಗಲು ಹೊತ್ತು ಚಿರತೆ ಮಲಗುವುದೂ ಇಂಥ ಕಲ್ಲುಗವಿಗಳಲ್ಲೇ.

ಹಾಗಾಗಿ ಇಟ್ಟವರ ಮೇಲೆ ಮೊದಲ ಹೊಣೆ. ಡಬ್ಬಿ ದಾರಿಯಿಂದ ಒಂದು ಹೆಜ್ಜೆ ದೂರದಲ್ಲಿರಬೇಕು, ಪೊದೆಯೊಳಗಲ್ಲ. ಯಾವುದರ ಪಕ್ಕ, ಯಾವ ಎತ್ತರದಲ್ಲಿ ಎನ್ನುವ ಸುಳಿವು ಸ್ಪಷ್ಟವಾಗಿರಬೇಕು. ಹುಡುಕುವವರನ್ನು ಒಗಟಿನಲ್ಲಿ ಕಾಡಿದಷ್ಟೂ ಗಿಡಗಳನ್ನು ಕಾಡಿದಂತೆ. ಅಂಕಿಯನ್ನು ಒಂದೇ ಸಲ ನೋಡಿ ಬರೆದುಕೊಳ್ಳದೆ ಬೇರೆ ಬೇರೆ ಹೊತ್ತಿನಲ್ಲಿ ನೋಡಿ ಸರಾಸರಿ ತೆಗೆಯಬೇಕು. ಈ ಆಟದ ಅಂಕಿಗಳಲ್ಲಿ ನಿಮಿಷವನ್ನು ಮೂರು ದಶಾಂಶ ಸ್ಥಾನದವರೆಗೆ ಬರೆಯುತ್ತಾರೆ. ಕೊನೆಯ ಸ್ಥಾನದ ಒಂದು ಅಂಕಿ ಸುಮಾರು 1.85 ಮೀಟರಿಗೆ ಸಮ, ಅಂದರೆ ಒಬ್ಬ ಆಳಿನ ಉದ್ದ. ಪ್ರವಾಸಕ್ಕೆ ಬಂದವರು ಇಟ್ಟು ಹೋಗಿ ಮರೆಯುವಂತಿಲ್ಲ ಎನ್ನುವುದು ಆಟದವರದೇ ನಿಯಮ; ಆಗಾಗ ಹೋಗಿ ನೋಡಿಕೊಳ್ಳುವ ಸ್ಥಳೀಯರೊಬ್ಬರಿಲ್ಲದಿದ್ದರೆ ಸಾಮಾನ್ಯವಾಗಿ ಒಪ್ಪಿಗೆ ಸಿಗುವುದಿಲ್ಲ.

ಗುಡ್ಡ ಯಾರದು?

ನಮ್ಮ ಕಡೆ ಈ ಪ್ರಶ್ನೆಗೆ ಉತ್ತರ ಕಣ್ಣಿಗೆ ಕಾಣುವುದಿಲ್ಲ. ಬೇಲಿಯಿಲ್ಲದ ಗುಡ್ಡವೆಂದರೆ ಯಾರದೂ ಅಲ್ಲ ಎಂದು ಪೇಟೆಯವರು ತಿಳಿಯುತ್ತಾರೆ. ಅದು ಊರ ದನಗಳ ಗೋಮಾಳವಾಗಿರಬಹುದು, ಮೀಸಲು ಅರಣ್ಯವಾಗಿರಬಹುದು, ಮುಜರಾಯಿ ದೇವಸ್ಥಾನಕ್ಕೆ ಸೇರಿರಬಹುದು, ಸಕಲೇಶಪುರದ ಕಡೆ ಹೋದರೆ ಯಾರದೋ ಕಾಫಿ ತೋಟದ ಅಂಚಾಗಿರಬಹುದು. ಒಂದೇ ಗುಡ್ಡದ ಬುಡ ಗೋಮಾಳ, ನಡು ಅರಣ್ಯ, ನೆತ್ತಿ ದೇವರದು ಆಗಿರುವುದೂ ಉಂಟು. ಜಿಯೋಕ್ಯಾಚಿಂಗ್ ತಾಣಗಳನ್ನು ಪ್ರಕಟಿಸುವ ಮೊದಲು ಸ್ವಯಂಸೇವಕರು ಪರಿಶೀಲಿಸುತ್ತಾರೆ ನಿಜ, ಆದರೆ ಎಲ್ಲೋ ಕುಳಿತು ನಕ್ಷೆ ನೋಡುವವರಿಗೆ ಗುಂಡುತೋಪು ಯಾವುದು, ವರ್ಷಕ್ಕೊಮ್ಮೆ ಪರ ಮಾಡುವ ಜಾಗ ಯಾವುದು ಎಂದು ಹೇಗೆ ತಿಳಿಯಬೇಕು?

ತಿಳಿಯುವ ದಾರಿ ನಮ್ಮಲ್ಲೇ ಇದೆ. ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ತೆರೆದರೆ ನೀವು ನಿಂತ ಜಾಗದ ಸರ್ವೆ ನಂಬರು ಮೊಬೈಲಿನಲ್ಲೇ ಕಾಣುತ್ತದೆ. ಆ ನಂಬರಿನ ಪಹಣಿಯನ್ನು ಭೂಮಿ ತಂತ್ರಾಂಶದಲ್ಲಿ ನೋಡಿದರೆ ಹಿಡುವಳಿಯೋ, ಖರಾಬೋ, ಗೋಮಾಳವೋ, ಅರಣ್ಯವೋ ಗೊತ್ತಾಗುತ್ತದೆ. ಅರಣ್ಯವಾದರೆ ವಲಯ ಅರಣ್ಯಾಧಿಕಾರಿ, ಗೋಮಾಳವಾದರೆ ತಹಶೀಲ್ದಾರರು, ದೇವಸ್ಥಾನವಾದರೆ ಧಾರ್ಮಿಕ ದತ್ತಿ ಇಲಾಖೆ, ತೋಟವಾದರೆ ಮಾಲೀಕರು. ಇದಿಷ್ಟು ಕಾಗದದ ಮಾತು. ಕಾಗದಕ್ಕಿಂತ ಮೊದಲು ಊರಿನ ಅರಳಿಕಟ್ಟೆಯಲ್ಲಿ ಕುಳಿತ ಹಿರಿಯರೊಬ್ಬರಿಗೆ ಹೇಳುವುದು ಒಳ್ಳೆಯದು. "ಯಾಕ್ ಸ್ವಾಮಿ, ಏನ್ ಕಳ್ಕಂಡ್ರಿ ಅಲ್ಲಿ?" ಎಂದು ಅವರು ಕೇಳುವ ಮುಂಚೆ ನಾವೇ ಹೇಳಿದರೆ ಅರ್ಧ ಕಷ್ಟ ತಪ್ಪಿದಂತೆ.

ಏಕೆಂದರೆ ನಮ್ಮ ಬೆಟ್ಟಗಳಲ್ಲಿ ನಿಜವಾಗಿಯೂ ಬಚ್ಚಿಟ್ಟದ್ದನ್ನು ಹುಡುಕುವವರಿದ್ದಾರೆ. ಹೊಯ್ಸಳರ ಸೀಮೆಯಲ್ಲಿ ಪಾಳು ಗುಡಿಗಳಿಗೆ, ವೀರಗಲ್ಲುಗಳಿಗೆ ಬರವಿಲ್ಲ. ಅವುಗಳ ಬುಡದಲ್ಲಿ ಚಿನ್ನವಿದೆ ಎಂದು ಅಮಾವಾಸ್ಯೆಯ ರಾತ್ರಿ ಹಾರೆ ಹಿಡಿದು ಬರುವವರಿಗೂ ಬರವಿಲ್ಲ. ಬೆಳಗಾದರೆ ಲಿಂಗ ಉರುಳಿರುತ್ತದೆ, ಗುಂಡಿಯ ಸುತ್ತ ಕುಂಕುಮ, ನಿಂಬೆಹಣ್ಣು. ಇಂಥದ್ದನ್ನು ಒಮ್ಮೆ ಕಂಡ ಊರು, ಮೊಬೈಲು ಹಿಡಿದು ಬಂಡೆ ಸಂದಿ ಬಗ್ಗಿ ನೋಡುವ ನಾಲ್ಕು ಅಪರಿಚಿತರನ್ನು ಅನುಮಾನಿಸದೆ ಇದ್ದರೆ ಅದೇ ಸೋಜಿಗ. ನೆಲದಲ್ಲಿ ಹುದುಗಿದ, ಹತ್ತು ರೂಪಾಯಿ ಮೀರಿದ ಬೆಲೆಯದ್ದು ಏನೇ ಸಿಕ್ಕರೂ ಕಲೆಕ್ಟರಿಗೆ ತಿಳಿಸಬೇಕೆಂದು ಬ್ರಿಟಿಷರು 1878ರಲ್ಲೇ ಕಾಯ್ದೆ ಮಾಡಿದ್ದರು, ಕರ್ನಾಟಕ 1962ರಲ್ಲಿ ತನ್ನದೇ ನಿಧಿ ಕಾಯ್ದೆ ತಂದಿತು. ಗೋಲಿ, ಪೆನ್ಸಿಲ್ಲಿಗೆ ಆ ಕಾಯ್ದೆ ಹಚ್ಚುವುದಿಲ್ಲ ಸರಿ. ಆದರೆ ಬೆಟ್ಟದಲ್ಲಿ ಡಬ್ಬಿ ಸಿಕ್ಕಿತೆಂಬ ಸುದ್ದಿ ಹಬ್ಬಿದರೆ ಮಾರನೆಯ ವಾರ ಅದೇ ಜಾಗಕ್ಕೆ ಹಾರೆ ಬರುತ್ತದೆ. ಆಟದವರು ನೆಲ ಮುಟ್ಟದೆ ಇದ್ದರೂ ಅವರ ಡಬ್ಬಿ ನೆಲ ಅಗೆಸುತ್ತದೆ.

ಬಾಂಬಿನ ಮಾತೂ ಅಷ್ಟೇ. 2011ರಲ್ಲಿ ಇಂಗ್ಲೆಂಡಿನ ವೆದರ್ಬಿ ಪಟ್ಟಣದಲ್ಲಿ ರಸ್ತೆಬದಿ ಇಟ್ಟಿದ್ದ ಇಂಥದೇ ಪ್ಲಾಸ್ಟಿಕ್ ಡಬ್ಬಿಯನ್ನು ಕಂಡು ಜನರನ್ನು ತೆರವು ಮಾಡಿ, ಬಾಂಬ್ ನಿಷ್ಕ್ರಿಯ ದಳ ಅದನ್ನು ಸ್ಫೋಟಿಸಿತು. ಆಟ ಚೆನ್ನಾಗಿ ಗೊತ್ತಿದ್ದ ದೇಶದ ಕಥೆ ಅದು. ಮಂಗಳೂರಿನ ಆಟೊದಲ್ಲಿ ಕುಕ್ಕರ್ ಸಿಡಿದದ್ದನ್ನು, ಬೆಂಗಳೂರಿನ ಹೋಟೆಲಿನಲ್ಲಿ ಚೀಲ ಸಿಡಿದದ್ದನ್ನು ಕಂಡ ನಮ್ಮ ರಾಜ್ಯದಲ್ಲಿ ಗೊರೂರು ಅಣೆಕಟ್ಟೆಯ ಆಸುಪಾಸು, ಎಂಸಿಎಫ್ ಆವರಣದ ಹತ್ತಿರ, ರೈಲು ಸೇತುವೆಯಡಿ, ಜಾತ್ರೆ ನಡೆಯುವ ದೇವಸ್ಥಾನದಲ್ಲಿ ಡಬ್ಬಿ ಇಡುವುದು ಹುಡುಗಾಟವಲ್ಲ. ಇಡಲೇಬೇಕಾದ ಕಡೆ ಒಳಗಿನದು ಕಾಣುವಂಥ ಪಾರದರ್ಶಕ ಡಬ್ಬಿ ಇರಲಿ. ಮೇಲೆ ಇದು ಆಟದ ಡಬ್ಬಿ, ಅಪಾಯವಿಲ್ಲ ಎಂದು ಕನ್ನಡದಲ್ಲಿ, ದೊಡ್ಡಕ್ಷರದಲ್ಲಿ ಬರೆದಿರಲಿ. ಇಂಗ್ಲಿಷಿನ ಸ್ಟಿಕ್ಕರು ಕುರಿ ಕಾಯುವವನಿಗೆ ಏನು ಹೇಳುತ್ತದೆ?

ಬಂಡೆಯ ಮೇಲಿನ ಹೆಸರುಗಳು

ಶ್ರವಣಬೆಳಗೊಳಕ್ಕೆ ಬಂದರೆ ಈ ಆಟದ ಬಗ್ಗೆ ಬೇರೆಯೇ ಯೋಚನೆ ಬರುತ್ತದೆ. ಚಿಕ್ಕಬೆಟ್ಟ ಹತ್ತಿ ಪಾರ್ಶ್ವನಾಥ ಬಸದಿಯ ಸುತ್ತ ಬಂಡೆಯ ಮೇಲೆ ನೋಡುತ್ತ ನಡೆದರೆ ಕಾಲಡಿಯಲ್ಲೇ ಅಕ್ಷರಗಳು. ಕ್ರಿ.ಶ. 600ರ ಸುಮಾರಿನಿಂದ ಹಿಡಿದು ಇಲ್ಲಿ ಬಂದವರು, ಇಲ್ಲೇ ಸಲ್ಲೇಖನ ಹಿಡಿದು ತೀರಿಕೊಂಡವರು, ಅವರನ್ನು ನೆನೆದವರು ಬರೆಸುತ್ತಲೇ ಬಂದಿದ್ದಾರೆ. ಬಿ. ಎಲ್. ರೈಸ್ 1889ರಲ್ಲಿ ಬೆಳಗೊಳದ 144 ಶಾಸನಗಳನ್ನು ಅಚ್ಚು ಮಾಡಿಸಿದರು, ಆರ್. ನರಸಿಂಹಾಚಾರ್ ಹುಡುಕಿ ಹುಡುಕಿ 1923ರ ಪರಿಷ್ಕೃತ ಸಂಪುಟದಲ್ಲಿ ಅದನ್ನು 500ಕ್ಕೆ ಏರಿಸಿದರು. 1973ರ ಮೈಸೂರು ವಿಶ್ವವಿದ್ಯಾನಿಲಯದ ಸಂಪುಟದಲ್ಲಿ ಅದು 573 ಆಯಿತು. ಅವುಗಳಲ್ಲಿ ಎಷ್ಟೋ ಬರೀ ಯಾತ್ರಿಕರ ಹೆಸರು: ಇಂಥವನು ಬಂದ, ದೇವರನ್ನು ಕಂಡ. ಉತ್ತರದಿಂದ ಬಂದವರು ನಾಗರಿಯಲ್ಲಿ ಬರೆದಿದ್ದಾರೆ. ಚಿಕ್ಕಬೆಟ್ಟದ ಒಂದು ಬಂಡೆಯ ಮೇಲೆ ಕವಿರತ್ನ ಎಂಬ ಕೆತ್ತನೆ ಇದೆ. ಅದು ರನ್ನನ ರುಜು ಎಂದು ವಿದ್ವಾಂಸರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ.

ಬೆಟ್ಟ ಹತ್ತಿದವರು ತಾವು ಬಂದುದಕ್ಕೆ ಗುರುತು ಬಿಡಬೇಕೆನ್ನುವ ಆಸೆ ಹೊಸದಲ್ಲ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಹಾಗೆಂದು ರನ್ನ ಬರೆದ, ನಾನೂ ಬರೆದರೇನು ಎನ್ನುವ ತರ್ಕ ಈಗ ನಡೆಯುವುದಿಲ್ಲ. ಮೊಳೆ ಹಿಡಿದು ಹೃದಯದ ಚಿತ್ರ ಗೀಚುವವರು ಒಂದೊಂದು ಸಲ ಗೀಚುವುದು ಹಳಗನ್ನಡದ ಅಕ್ಷರದ ಮೇಲೆಯೇ. ಕೆಲವು ಶಾಸನಗಳನ್ನು ಕಂಬಿ, ಗಾಜು ಹಾಕಿ ಕಾಯಬೇಕಾಗಿ ಬಂದದ್ದು ಇದಕ್ಕೇ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಆದ ಮೇಲೆ ರಕ್ಷಿತ ಸ್ಮಾರಕವನ್ನು ಕೆಡಿಸಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ. ಆ ದೃಷ್ಟಿಯಿಂದ ನೋಡಿದರೆ ಜಿಯೋಕ್ಯಾಚಿಂಗಿನಲ್ಲಿ ನನಗೆ ಬಹಳ ಹಿಡಿಸುವ ಅಂಶ ಆ ಪುಟ್ಟ ನೋಟ್‌ಬುಕ್ಕು. ಹೆಸರು ಬರೆಯುವ ಚಪಲವನ್ನು ಅದು ಕಲ್ಲಿನಿಂದ ಕಾಗದಕ್ಕೆ ಇಳಿಸುತ್ತದೆ.

ದೊಡ್ಡಬೆಟ್ಟದ ಮೇಲಾಗಲಿ ಚಿಕ್ಕಬೆಟ್ಟದ ಮೇಲಾಗಲಿ ಡಬ್ಬಿ ಇಡುವ ಪ್ರಶ್ನೆಯೇ ಬರುವುದಿಲ್ಲ. ಪುರಾತತ್ವ ಇಲಾಖೆಯ ರಕ್ಷಣೆಯ ಜಾಗ, ಮೇಲಾಗಿ ಬರಿಗಾಲಲ್ಲಿ ಹತ್ತುವ ಕ್ಷೇತ್ರ. ಅಲ್ಲಿ ಇಡಬೇಕಾದ್ದು ಡಬ್ಬಿಯಲ್ಲ, ನೋಡಿ ಉತ್ತರಿಸುವಂಥ ಪ್ರಶ್ನೆ; ಅದು ಹೇಗೆಂದು ಮುಂದೆ ಹೇಳುತ್ತೇನೆ.

ಕಾಡು ಬೇರೆ ಲೆಕ್ಕ

ಜಿಲ್ಲೆಯ ಪೂರ್ವದ ಬಂಡೆಬೆಟ್ಟಗಳ ಮಾತು ಒಂದು, ಪಶ್ಚಿಮದ ಘಟ್ಟದ ಮಾತು ಇನ್ನೊಂದು. ಬಿಸಿಲೆ, ಕಾಗಿನಹರೆ, ಜೇನುಕಲ್ಲು ಗುಡ್ಡದ ಕಡೆ ಚಾರಣಕ್ಕೆ ಹೋಗುವವರ ಸಂಖ್ಯೆ ಏರುತ್ತಲೇ ಇದೆ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಜಾತ್ರೆಯಂತೆ ಜನ ನಿಂತ ಚಿತ್ರ ಎಲ್ಲರ ಮೊಬೈಲಿಗೂ ಬಂದಿತ್ತು. ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಪಥಗಳನ್ನು ಸರ್ಕಾರ ತಾತ್ಕಾಲಿಕವಾಗಿ ಮುಚ್ಚಿತು. ಆಮೇಲೆ ಅರಣ್ಯ ವಿಹಾರ ಜಾಲತಾಣದ ಮೂಲಕ ಒಂದು ಪಥಕ್ಕೆ ದಿನಕ್ಕೆ 300 ಜನರ ಮಿತಿ ಹಾಕಿ ತೆರೆಯಿತು. ಜನರ ಲೆಕ್ಕವನ್ನೇ ಇಷ್ಟು ಬಿಗಿ ಮಾಡಿರುವಾಗ ದಾರಿ ಬಿಟ್ಟು ಒಳಗೆ ಹೋಗಲು ಆಸೆ ಹುಟ್ಟಿಸುವ ಡಬ್ಬಿ ಆ ಕಾಡುಗಳಲ್ಲಿ ಇರಬಾರದು. ಮೀಸಲು ಅರಣ್ಯದಲ್ಲಿ ಅನುಮತಿಯಿಲ್ಲದೆ ಏನನ್ನೂ ಇಟ್ಟು ಬರುವಂತಿಲ್ಲ ಎನ್ನುವುದಕ್ಕಿಂತ ದೊಡ್ಡ ಕಾರಣ ಆನೆ.

ಸಕಲೇಶಪುರ, ಆಲೂರು, ಬೇಲೂರು, ಅರಕಲಗೂಡಿನ ಅಂಚು ಇವೆಲ್ಲ ಕಾಡಾನೆಯ ಓಡಾಟದ ಜಾಗ. 2014ರಲ್ಲಿ ಆಲೂರು, ಸಕಲೇಶಪುರ ಭಾಗದಿಂದ 22 ಆನೆಗಳನ್ನು ಹಿಡಿದು ಸಾಗಿಸಿದರೂ ಸಂಘರ್ಷ ಮುಗಿಯಲಿಲ್ಲ. ದಸರೆಯಲ್ಲಿ ಅಂಬಾರಿ ಹೊತ್ತಿದ್ದ ಅರ್ಜುನ 2023ರ ಡಿಸೆಂಬರ್ 4ರಂದು ಸತ್ತದ್ದು ಇದೇ ಭಾಗದ ಯಸಳೂರು ವಲಯದ ಕಾಡಿನಲ್ಲಿ, ಕಾಡಾನೆಯ ಜೊತೆ ಕಾದಾಡಿ. ಈಗ ಹಿಂಡಿನ ಹೆಣ್ಣಾನೆಗಳಿಗೆ ರೇಡಿಯೊ ಕಾಲರ್ ಹಾಕಿದ್ದಾರೆ, ಹಿಂಡು ಎಲ್ಲಿದೆ ಎಂದು ಊರವರ ಮೊಬೈಲಿಗೆ ಸಂದೇಶ ಬರುತ್ತದೆ. ನಿಮ್ಮನ್ನು ಡಬ್ಬಿಯ ಬಳಿಗೆ ಕರೆದೊಯ್ಯುವ ಉಪಗ್ರಹವೇ ಆನೆಯ ಜಾಡನ್ನೂ ತಿಳಿಸುತ್ತಿದೆ. ಹೊರಡುವ ಮೊದಲು ಮೊಬೈಲಿನಲ್ಲಿ ನೋಡಬೇಕಾದ್ದು ಆ ಸಂದೇಶ. ಕಾಡಿನೊಳಗೆ ಹೋದ ಮೇಲೆ ಕಣ್ಣು ಪರದೆಯ ಮೇಲಿರಬಾರದು. ಪರದೆಯಲ್ಲಿ ಬಾಣದ ಗುರುತು ಹಿಡಿದು ತಲೆತಗ್ಗಿಸಿ ನಡೆಯುವವನಿಗೆ ಎದುರಿನ ಬಿದಿರುಮೆಳೆ ಅಲುಗಿದ್ದು ಕಾಣುವುದಿಲ್ಲ.

ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆಗಿನ ಘಟ್ಟದ ರೈಲು ಹಾದಿಯ ಬಗ್ಗೆ ಒಂದೇ ಮಾತು. 57 ಸುರಂಗಗಳ ಆ ಹಾದಿಯಲ್ಲಿ ನಡೆಯುವುದೇ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಅಪರಾಧ. ಹಸಿರು ಹಾದಿಯೆಂದು ಯಾರು ಎಷ್ಟೇ ಹೊಗಳಲಿ, ಅಲ್ಲಿ ಡಬ್ಬಿಯೂ ಬೇಡ, ಹುಡುಕಾಟವೂ ಬೇಡ.

ಡಬ್ಬಿಯಿಲ್ಲದ ಆಟ

ಇನ್ನು ನನ್ನ ನಿಜವಾದ ಆಸೆಗೆ ಬರುತ್ತೇನೆ. ಈ ಜಿಲ್ಲೆಯ ಬೆಟ್ಟಗಳಲ್ಲಿ ಹುಡುಕಲು ಯೋಗ್ಯವಾದದ್ದು ಎಷ್ಟೋ ಆಗಲೇ ಇದೆ, ನಾವು ಹೊಸದಾಗಿ ತಂದು ಇಡಬೇಕಾಗಿಲ್ಲ. ಜಿಯೋಕ್ಯಾಚಿಂಗಿನಲ್ಲೇ ಅರ್ತ್‌ಕ್ಯಾಶ್ ಎಂಬ ಬಗೆಯೊಂದಿದೆ. ಅಮೆರಿಕದ ಭೂವಿಜ್ಞಾನ ಸಂಘದ ನೆರವಿನಿಂದ 2004ರಲ್ಲಿ ಶುರುವಾಯಿತು. ಅಲ್ಲಿ ಡಬ್ಬಿ ಇರುವುದಿಲ್ಲ. ಜಾಗದ ಅಂಕಿಗಳ ಜೊತೆ ಅಲ್ಲಿನ ಕಲ್ಲು, ನೆಲದ ಬಗ್ಗೆ ಪಾಠವೂ ಕೆಲವು ಪ್ರಶ್ನೆಗಳೂ ಇರುತ್ತವೆ. ಅಲ್ಲಿಗೆ ಹೋಗಿ ಕಣ್ಣಾರೆ ನೋಡಿದವರಿಗೆ ಮಾತ್ರ ಉತ್ತರ ಗೊತ್ತಾಗುತ್ತದೆ. ಉತ್ತರ ಕಳಿಸಿದರೆ ಸಿಕ್ಕಿದ ಲೆಕ್ಕ. ಏನನ್ನೂ ಮುಟ್ಟಬೇಕಿಲ್ಲ, ಮಗುಚಬೇಕಿಲ್ಲ, ಏನೂ ಬಿಟ್ಟು ಬರಬೇಕಿಲ್ಲ.

ಇದಕ್ಕೆ ಹಾಸನಕ್ಕಿಂತ ಒಳ್ಳೆಯ ಸೀಮೆ ದಕ್ಷಿಣದಲ್ಲಿ ಕಡಿಮೆ. ಗೊರೂರು ಎಂದರೆ ಕನ್ನಡ ಓದುಗರಿಗೆ ರಾಮಸ್ವಾಮಿ ಅಯ್ಯಂಗಾರರು. ಭೂವಿಜ್ಞಾನಿಗಳಿಗೆ ಸುಮಾರು 330 ಕೋಟಿ ವರ್ಷದ ನೈಸ್ ಶಿಲೆ. ಹೇಮಾವತಿಯ ಆಸುಪಾಸಿನ ಆ ಬೂದು ಬಂಡೆಗಳು ದಕ್ಷಿಣ ಭಾರತದ ಅತ್ಯಂತ ಹಳೆಯ ಕಲ್ಲುಗಳ ಸಾಲಿಗೆ ಸೇರಿದವು. ಮೀನಿಗೆ ಮೊದಲು, ಗಿಡಕ್ಕೆ ಮೊದಲು, ಬ್ಯಾಕ್ಟೀರಿಯಾದಂಥ ಜೀವವೇ ಹೊಸದಾಗಿದ್ದ ಕಾಲದವು. ಹೊಳೆನರಸೀಪುರದ ಹೆಸರು ಊರಿನ ರಾಜಕೀಯದಿಂದಾಗಿ ನಾಡಿಗೆಲ್ಲ ಗೊತ್ತು. ಅದೇ ಹೆಸರಿನ ಶಿಸ್ಟ್ ಪಟ್ಟಿಯನ್ನು ಜಗತ್ತಿನ ಭೂವಿಜ್ಞಾನಿಗಳು ಬೇರೆ ಕಾರಣಕ್ಕೆ ಬಲ್ಲರು. ಮುನ್ನೂರು ಕೋಟಿ ವರ್ಷಕ್ಕೂ ಹಿಂದೆ ಕಡಲ ತಳದಲ್ಲಿ ಹರಿದ ಲಾವಾ, ಅಲ್ಲಿ ಕೂಡಿದ ಮರಳು, ಕೆಸರು ಎಲ್ಲ ಒತ್ತಡಕ್ಕೆ ಸಿಕ್ಕಿ ಬೆಂದು ಮಡಿಚಿಕೊಂಡ ಪಟ್ಟಿ ಅದು. ನೀಲಿ ಛಾಯೆಯ ಕಯನೈಟ್, ಕೆಂಪು ಗಾರ್ನೆಟ್ ಹರಳುಗಳು ಆ ಕಲ್ಲುಗಳಲ್ಲಿ ಕಾಣುತ್ತವೆ. ಕರ್ನಾಟಕದಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳೆಂದು ಘೋಷಣೆಯಾದವು ನಾಲ್ಕು, ಅವುಗಳಲ್ಲಿ ಹಾಸನ ಜಿಲ್ಲೆಯದು ಒಂದೂ ಇಲ್ಲ. ಆಟದ ನೆಪದಲ್ಲಾದರೂ ಹೊಲದ ಬದಿಯ ಆ ಕಲ್ಲಿಗೆ ನಾಲ್ಕು ಜನ ಬಂದು ನಿಂತರೆ ಕಲ್ಲುಕೋರೆಯವರ ಕಣ್ಣಿಗೆ ಬೀಳುವ ಮೊದಲು ಊರವರ ಕಣ್ಣಿಗೆ ಬಿದ್ದೀತು. ಹರಳು ಕಿತ್ತುಕೊಂಡು ಹೋಗಲು ಸುತ್ತಿಗೆ ತರಬಾರದು, ಅಷ್ಟೇ.

ಚನ್ನರಾಯಪಟ್ಟಣ ತಾಲೂಕಿಗೆ ನಾನೇ ಒಂದು ಪಾಠ ಬರೆಯುವುದಾದರೆ ಎರಡು ಕಲ್ಲುಗಳನ್ನು ಎದುರುಬದುರು ಇಡುತ್ತೇನೆ. ಶ್ರವಣಬೆಳಗೊಳದ ದೊಡ್ಡಬೆಟ್ಟ ಗಟ್ಟಿ ಗ್ರಾನೈಟು. ಮೇಲಿದ್ದ ನೆಲ ಸವೆದು ಭಾರ ಇಳಿದಾಗ ಒಳಗಿನ ಬಂಡೆ ಹಿಗ್ಗಿ, ಮೈಗೆ ಸಮಾನಾಂತರವಾಗಿ ಪದರ ಪದರವಾಗಿ ಬಿರುಕು ಬಿಡುತ್ತದೆ. ಬೆಟ್ಟ ಅಷ್ಟು ನುಣುಪಾಗಿ, ಗುಂಡಾಗಿ ಕಾಣುವುದು ಹಾಗೆ. ಆ ನೆತ್ತಿಯ ಬಂಡೆಯನ್ನೇ ಕಡಿದು ಕ್ರಿ.ಶ. 981ರ ಸುಮಾರಿಗೆ ಗಂಗರ ಕಾಲದ ಚಾವುಂಡರಾಯ ಗೊಮ್ಮಟನನ್ನು ನಿಲ್ಲಿಸಿದ. ಗ್ರಾನೈಟಿನಲ್ಲಿ ಸೂಕ್ಷ್ಮ ಕುಸುರಿ ಕಷ್ಟ, ಹಾಗಾಗಿ ಅಲ್ಲಿ ವಿಶಾಲ ಮೈ, ಶಾಂತ ರೇಖೆ. ಅದೇ ತಾಲೂಕಿನ ನುಗ್ಗೇಹಳ್ಳಿಗೆ ಬನ್ನಿ. 1246ರಲ್ಲಿ ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಾಲಯ ಬಳಪದ ಕಲ್ಲಿನದು. ಶಿಸ್ಟ್ ಪಟ್ಟಿಗಳ ಈ ಮೆದು ಕಲ್ಲು ಉಳಿಗೆ ಬೆಣ್ಣೆಯಂತೆ ಬಗ್ಗುವುದರಿಂದ ದೇವರ ಕೊರಳ ಸರದ ಒಂದೊಂದು ಮಣಿಯನ್ನೂ ಬಿಡಿಸಿದ್ದಾರೆ. ನುಗ್ಗೇಹಳ್ಳಿಯ ಹೆಸರಿನ ಶಿಸ್ಟ್ ಪಟ್ಟಿಯಲ್ಲೇ ಬೈರಾಪುರದ ಕ್ರೋಮೈಟ್ ಗಣಿಯಿರುವುದು. ಗ್ರಾನೈಟಿನ ಗಂಗರು, ಬಳಪದ ಕಲ್ಲಿನ ಹೊಯ್ಸಳರು: ಇಬ್ಬರ ಶಿಲ್ಪಶೈಲಿಯ ವ್ಯತ್ಯಾಸದಲ್ಲಿ ಅರ್ಧ ಪಾಲು ಕಲ್ಲಿನದೇ. ಎರಡೂ ಕಡೆ ನಿಂತು ಕಲ್ಲಿನ ಹರಳು ಎಷ್ಟು ದಪ್ಪವಿದೆ, ಮೂರ್ತಿಯ ಬೆರಳುಗಳನ್ನು ಹೇಗೆ ಬಿಡಿಸಿದ್ದಾರೆ ಎಂದು ನೋಡಿ ಉತ್ತರ ಬರೆಯಲು ಹೇಳಿದರೆ, ಬೆಟ್ಟ ಹತ್ತಿದ ಸುಸ್ತಿಗೂ ಅರ್ಥ ಬಂದೀತು.

ಡಬ್ಬಿ ಇಲ್ಲದೆ ಮಕ್ಕಳಿಗೆ ಮಜವೇ ಬರುವುದಿಲ್ಲ ಎನ್ನುವವರೂ ಇದ್ದಾರೆ. ಸರಿಯಾದ ಮಾತೇ. ಅವರಿಗೆ ಇನ್ನೊಂದು ದಾರಿ ಇದೆ. ಬೆಟ್ಟದ ಮೇಲೆ ಸುಳಿವು ಮಾತ್ರ ಇರಲಿ. ಮೆಟ್ಟಿಲೆಷ್ಟು, ಮಂಟಪದ ಕಂಬಗಳೆಷ್ಟು ಎಂದು ಎಣಿಸಿ ಬಂದ ಅಂಕಿಗಳನ್ನು ಕೂಡಿಸಿದರೆ ಕೊನೆಯ ಜಾಗದ ಅಕ್ಷಾಂಶ ಸಿಗುವಂತೆ ಮಾಡಿ, ಡಬ್ಬಿಯನ್ನು ಊರೊಳಗೆ ಇಡಬಹುದು. ಸೀಗೆಗುಡ್ಡವೋ, ಮಾವಿನಕೆರೆ ಬೆಟ್ಟವೋ ಹತ್ತಿ ಇಳಿದವರು ಕೊನೆಗೆ ಹುಡುಕಿಕೊಂಡು ಬರಬೇಕಾದ್ದು ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ, ಈಗ ಅರಿವು ಕೇಂದ್ರ ಎಂದು ಬೋರ್ಡು ಹಾಕಿರುವಲ್ಲಿಗೆ. ಕಪಾಟಿನ ಒಂದು ಮೂಲೆಯಲ್ಲಿ ಪುಸ್ತಕಗಳ ನಡುವೆ ಡಬ್ಬಿ. ಹೊರದೇಶಗಳಲ್ಲಿ ಗ್ರಂಥಾಲಯದೊಳಗೆ ಡಬ್ಬಿ ಇಡುವ ಪದ್ಧತಿ ಆಗಲೇ ಇದೆ.

ಅರಕಲಗೂಡು ತಾಲೂಕಿನ ರಾಮನಾಥಪುರ ಇದಕ್ಕೆ ಹೇಳಿ ಮಾಡಿಸಿದ ಊರು. ರಾಮೇಶ್ವರ ದೇವಸ್ಥಾನದ ಮೆಟ್ಟಿಲಿಳಿದರೆ ಕಾವೇರಿಯ ವಹ್ನಿಪುಷ್ಕರಣಿ, ಅಲ್ಲಿ ಮೊಳದುದ್ದದ ಮಹಶೀರ್ ಮೀನುಗಳು ಯಾತ್ರಿಕರ ಕೈಯಿಂದ ಪುರಿ ತಿನ್ನಲು ಬಾಯ್ತೆರೆದು ಬರುತ್ತವೆ. ದೇವರ ಮೀನು ಎಂದು ಅಲ್ಲಿ ಯಾರೂ ಬಲೆ ಬೀಸುವುದಿಲ್ಲ, ಮೀನುಧಾಮ ಎಂದು ಸರ್ಕಾರದ ರಕ್ಷಣೆಯೂ ಇದೆ. ಇಂಥ ಊರಿಗೆ ಮುಟ್ಟದೆ ನೋಡಿ ಹೋಗಿ ಎಂಬ ಆಟದ ನಿಯಮ ವಿವರಿಸಬೇಕಾಗಿಲ್ಲ. ನದಿಯಲ್ಲಿ ಬಂಡೆ ನೋಡಿ, ಮೀನು ನೋಡಿ, ಎಣಿಸಿ ಬಂದ ಅಂಕಿ ಹಿಡಿದು ಅರಿವು ಕೇಂದ್ರಕ್ಕೆ ಬಂದರೆ ಗ್ರಂಥಪಾಲಕರು ಮೊದಲು ಹಾಜರಿ ಪುಸ್ತಕದಲ್ಲಿ ಸಹಿ ಹಾಕಿಸುತ್ತಾರೆ, ಆಮೇಲೆ ಡಬ್ಬಿಯ ಪುಸ್ತಕದಲ್ಲಿ ನಿಮ್ಮಿಷ್ಟ. ಗೋಲಿ, ಕೀಚೈನು ಯಾವತ್ತೂ ಹೆಚ್ಚು ದಿನ ಉಳಿಯಲಾರವು, ಶಾಲೆ ಬಿಟ್ಟ ಮಕ್ಕಳು ಬಂದು ಕೂರುವ ಜಾಗ. ಪೆನ್ಸಿಲ್ಲನ್ನಂತೂ ವಾರಕ್ಕೊಂದು ಹೊಸದು ಇಡಬೇಕಾದೀತು.